ಇಂಗುಗುಂಡಿಗೆ ಬಂದ ಇಂಗು

ಈಶ್ವರಮಂಗಲದ ಕಡೆಯ ಆ ಸಣ್ಣ ಶಾಲೆಯ ಬಾವಿ ಮಾರ್ಚಿನಲ್ಲಿ ಕೈಕೊಟ್ಟಿತ್ತು. ಬಿಸಿಯೂಟಕ್ಕೆ ನೀರಿಲ್ಲ, ಶೌಚಾಲಯಕ್ಕೆ ಬೀಗ, ಮಕ್ಕಳು ಮಧ್ಯಾಹ್ನವೇ ಮನೆಗೆ. ಇನ್ನೊಂದು ಬೇಸಿಗೆ ಹೀಗೇ ಆದರೆ ಟಿ.ಸಿ. ಕೇಳಿಕೊಂಡು ಬರುವವರನ್ನು ತಡೆಯಲಾಗದು, ಮಕ್ಕಳಿಲ್ಲದ ಶಾಲೆಗೆ ಬಾಗಿಲು ಹಾಕುವುದೊಂದೇ ಬಾಕಿ ಎಂದು ಮುಖ್ಯೋಪಾಧ್ಯಾಯಿನಿ ನೀಲಾವತಿಗೆ ಗೊತ್ತಿತ್ತು. ಗುಡ್ಡದಿಂದ ಹರಿದುಹೋಗುವ ಮಳೆನೀರನ್ನು ಗುಂಡಿಗಳಲ್ಲಿ ನಿಲ್ಲಿಸಿ ನೆಲಕ್ಕೆ ಇಳಿಸಿದರೆ ಬಾವಿ ಉಳಿದೀತು.

ಹಾಗಾಗಿ ಮೇ ಕೊನೆಗೆ, ಮಳೆ ಹಿಡಿಯುವ ಮೊದಲೇ, ಹೆತ್ತವರ ವಾಟ್ಸಾಪ್ ಗುಂಪಿಗೆ ಬರೆದು ಹಾಕಿದರು: "ನಾಳೆ ಶಾಲೆಯಲ್ಲಿ ಇಂಗುಗುಂಡಿ ಕೆಲಸ. ಕೈಲಾದದ್ದು ತನ್ನಿ." ಹೆಬ್ಬೆರಳುಗಳು ಸಾಲಾಗಿ ಬಂದವು. ಮೊಬೈಲಿನಲ್ಲಿ ಹೆಬ್ಬೆರಳು ಎತ್ತುವುದಕ್ಕೆ ಬೆವರು ಸುರಿಸಬೇಕೇ?

ಮರುದಿನ ಅಂಗಳದಲ್ಲಿ ನರಪಿಳ್ಳೆಯಿಲ್ಲ. ಸುಳ್ಯದ ತವರಿನಿಂದ ತಂದ ಪಿಕ್ಕಾಸು ಎತ್ತಿ ನೀಲಾವತಿ ಒಬ್ಬರೇ ಗುಡ್ಡದ ಬುಡದ ಗಟ್ಟಿ ಕೆಂಪು ಮುರಕಲ್ಲಿಗೆ ಹೊಡೆದರು. ಕೈಯಲ್ಲಿ ಬೊಬ್ಬೆ ಎದ್ದಿತೇ ಹೊರತು ಕಲ್ಲು ಜಗ್ಗಲಿಲ್ಲ. ಪಿಕ್ಕಾಸು ಕೆಳಗಿಟ್ಟಾಗ ಗೇಟು ಕಿರುಗುಟ್ಟಿತು. ನಾಲ್ಕನೆಯ ತರಗತಿಯ ಹನಾನಳ ಅಜ್ಜಿ ಮೈಮೂನಮ್ಮ ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಹಳದಿ ಡಬ್ಬಿ.

"ಟೀಚರೇ, ಇಂಗು ತಂದಿದ್ದೇನೆ. ನಮ್ಮಲ್ಲಿ ಇದನ್ನು ಹಾಕುದಿಲ್ಲ, ಪೇಟೆಯಿಂದ ತರಿಸಿದ್ದು. ಗುಂಡಿಗೆ ಇಂಗು ಎಂತಕ್ಕೆ? ಹಾವು ಬಾರದ ಹಾಗೆ ಇರ್ಬೇಕು ಅಂತ ಎಣಿಸಿದೆ."

ನೀಲಾವತಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅದು ನೀರು ಇಂಗುವ ಗುಂಡಿ ಎಂದು ಬಿಡಿಸಿ ಹೇಳಿದಾಗ ಮೈಮೂನಮ್ಮ ಹಣೆ ಬಡಿದುಕೊಂಡು, ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಳಿತೇ ಬಿಟ್ಟರು. ಆಮೇಲೆ ಖಾಲಿ ಅಂಗಳ ನೋಡಿದರು. ಟೀಚರ ಕೈಯ ಬೊಬ್ಬೆಯನ್ನೂ ನೋಡಿದರು.

"ಆ ಗುಂಪಿಗೆ ನಾನು ಮಾತಾಡ್ಲಿಕ್ಕೆ ಆಗ್ತದಾ?"

ನೀಲಾವತಿ ರೆಕಾರ್ಡ್ ಒತ್ತಿ ಮೊಬೈಲನ್ನು ಅವರ ಬಾಯಿಯ ಹತ್ತಿರ ಹಿಡಿದರು. "ನಾನು ಹನಾನಳ ಅಜ್ಜಿ. ಇಂಗುಗುಂಡಿಗೆ ಇಂಗು ಹಿಡ್ಕೊಂಡು ಬಂದಿದ್ದೇನೆ ಮಾರಾಯ್ರೆ! ನಗ್ಲಿಕ್ಕಾದ್ರೂ ಬನ್ನಿ. ಬರುವಾಗ ಪಿಕ್ಕಾಸು ತನ್ನಿ."

"ಇದನ್ನು ಕಳಿಸುದು ಬೇಡ ಮೈಮೂನಮ್ಮ, ಊರಿಡೀ ನಗ್ತದೆ," ಎಂದರು ನೀಲಾವತಿ.

"ನಗ್ಲಿ ಟೀಚರೇ. ನನ್ನ ಮರ್ಯಾದೆ ಹೋಗಿ ನಿಮ್ಮ ಬಾವಿ ತುಂಬುದಾದ್ರೆ ಹೋಗ್ಲಿ."

ಮೊದಲು ಬಂದವರು ಗುಂಪಿನಲ್ಲಿ ಹೆಬ್ಬೆರಳು ಎತ್ತಿದ್ದ ಮೇದಪ್ಪ. ಗೇಟಿನಿಂದಲೇ ನಗುತ್ತ ಬಂದರು, ಹೆಗಲ ಮೇಲೆ ಪಿಕ್ಕಾಸು. ಹಿಂದೆಯೇ ಮೈಮೂನಮ್ಮನ ಮಗ ನಿಝಾಮ್, ಮುಖ ಕೆಂಪಗೆ ಮಾಡಿಕೊಂಡು. ಆಮೇಲೆ ಅಂಗಳ ತುಂಬಿತು. ಬಂದವರಿಗೆಲ್ಲ ಮೈಮೂನಮ್ಮ ಡಬ್ಬಿ ತೋರಿಸಿ ಅದೇ ಕತೆ ಹೇಳಿದರು, ಮಣ್ಣು ಹೊರುವ ಬುಟ್ಟಿಯನ್ನೂ ಕೈಗೆ ಕೊಟ್ಟರು. ಸಂಜೆಯಾಗುವಾಗ ಗುಡ್ಡದ ಬುಡದಲ್ಲಿ ಗುಂಡಿಗಳ ಸಾಲೇ ಇತ್ತು.

ಮಳೆ ಬಂತು, ಹೋಯಿತು. ರಂಜಾನಿನ ಪೆರ್ನಾಲ್ ಹಬ್ಬ ಕಳೆದು, ಮಾರ್ಚಿನ ಉರಿಯಲ್ಲಿ ಅಡುಗೆಯ ರಮ್ಲತ್ ಬಾವಿಗೆ ಕೊಡಪಾನ ಇಳಿಸಿದಾಗ ನೀಲಾವತಿ ಕಟ್ಟೆಯ ಮೇಲೆ ಬಾಗಿ ನೋಡುತ್ತಿದ್ದರು. ಕೊಡಪಾನ ತುಳುಕುತ್ತ ಮೇಲೆ ಬಂತು.

ಗುಂಡಿ ತೋಡಿದ ದಿನದಿಂದ ಮೇಜಿನ ಡ್ರಾಯರಿನಲ್ಲಿ ಜೋಪಾನ ಮಾಡಿದ್ದ ಹಳದಿ ಡಬ್ಬಿಯನ್ನು ನೀಲಾವತಿ ತೆರೆದರು. ಆ ದಿನದ ಸಾಂಬಾರಿಗೆ ಅದರದೇ ಒಗ್ಗರಣೆ. ಮೊದಲ ಬಟ್ಟಲನ್ನು ತಾವೇ ಹಿಡಿದುಕೊಂಡು ಮೈಮೂನಮ್ಮನ ಮನೆಗೆ ನಡೆದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಬಾಗಿಲಲ್ಲಿ ಎಲ್ಲ ಮರೆತುಹೋಯಿತು.

"ನಿಮ್ಮಿಂದ ಶಾಲೆ ಉಳಿಯಿತು ಮೈಮೂನಮ್ಮ," ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡರು.

ಮೈಮೂನಮ್ಮ ಒಂದು ಗುಟುಕು ಕುಡಿದು ಮುಖ ಹಿಂಡಿದರು. "ಇಂಗು ಹೆಚ್ಚಾಯ್ತು ಟೀಚರೇ," ಎಂದರು. ಬಟ್ಟಲನ್ನು ಮಾತ್ರ ಅದು ಬರಿದಾಗುವವರೆಗೆ ಕೆಳಗಿಡಲಿಲ್ಲ.