ಹನ್ನೊಂದು ಬಸ್ಸು ಸಾಕೆಂದು ಸಾಧಿಸಿದ ದಿನ

ನಾನು ಒಂದು ಪರೀಕ್ಷೆಯ ಪ್ಯಾಡು. ಹುಬ್ಬಳ್ಳಿಯ ತಗಡಿನ ಶೆಡ್ಡೊಂದರಲ್ಲಿ ರಟ್ಟು ಕತ್ತರಿಸಿ, ನೆತ್ತಿಗೆ ಕ್ಲಿಪ್ಪು ಬಡಿದು ನನ್ನನ್ನು ಹುಟ್ಟಿಸಿದರು. ಅಂದಿನಿಂದ ಒಂದು ದಿನ ನೆಮ್ಮದಿಯಾಗಿ ಕೂತಿದ್ದರೆ ಕೇಳಿ!

ಮೊದಲ ಒಡೆಯ ಗುರುಪಾದ ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮಾಡಿದವನು. ಬ್ಯಾಂಕು, ರೈಲ್ವೆ, ವಿಮೆ ಎಂದು ಯಾವ ಪರೀಕ್ಷೆ ಬಂದರೂ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತಿದ್ದ. ಕೊನೆಗೆ ಹವಾಮಾನದ ಕಚೇರಿ ಸೇರಿ ನನ್ನನ್ನು ಚಿಕ್ಕಪ್ಪನ ಮಗಳು ನೀಲಾಂಬಿಕಾಗೆ ಕೊಟ್ಟ.

ಅವಳದೂ ಅದೇ ಗಣಿತ, ಅದೇ ಓಡಾಟ. ಗಣಿತ ಓದಿದವರು ಮೇಷ್ಟ್ರಾಗದೆ ಇನ್ನೇನಾಗುತ್ತಾರೆ ಎಂಬುದು ಅವಳಪ್ಪನ ವಾದ. ಸೋಮವಾರದೊಳಗೆ ನೌಕರಿ ಸಿಕ್ಕರೆ ಸರಿ, ಇಲ್ಲದಿದ್ದರೆ ಬಿ.ಎಡ್. ಎಂದು ಅರ್ಜಿಯನ್ನೂ ತುಂಬಿಟ್ಟಿದ್ದರು. ತರಗತಿಯ ಮುಂದೆ ನಿಲ್ಲುವುದೆಂದರೆ ಅವಳ ಜೀವ ಬಾಯಿಗೆ ಬರುತ್ತಿತ್ತು. ಪಾಪ, ಆ ವಾರವಿಡೀ ನನ್ನ ಅಂಚನ್ನು ಉಗುರಿನಿಂದ ಕೆರೆದೇ ಕೆರೆದಳು.

ಶುಕ್ರವಾರ ಒಂದು ಬಸ್ ಕಂಪನಿಯಲ್ಲಿ ಸಂದರ್ಶನ. ಬಸ್ಸುಗಳ ವೇಳಾಪಟ್ಟಿ ಮಾಡುವ ಕೆಲಸ. ಇನಾಮದಾರ ಎಂಬ ಅಧಿಕಾರಿ ನಲವತ್ತು ಟ್ರಿಪ್ಪುಗಳ ಸಮಯ ಕೊಟ್ಟು, ಹನ್ನೊಂದು ಬಸ್ಸು ಸಾಕೇ ನೋಡಿ ಎಂದರು. ನನ್ನ ಬೆನ್ನ ಮೇಲೆ ನಾಲ್ಕು ಹಾಳೆ ತುಂಬಿದವು. ನಾನೂ ಉಬ್ಬಿಹೋದೆ. ಅವರು ಹಾಳೆಗಳನ್ನು ಎರಡು ಸಲ ತಿರುವಿದರು.

“ಸಾಕು ಅಂತ ತೋರಿಸೀರಿ, ಖರೆ ಐತಿ. ಆದ್ರ ಯಾವ ಬಸ್ಸು ಯಾವ ಊರಿಗೆ ಹೋಗಬೇಕು, ಅದೆಲ್ಲೈತ್ರೀ?”

ನೀಲಾಂಬಿಕಾ ಆ ಪಟ್ಟಿ ಮಾಡಿರಲೇ ಇಲ್ಲ. ಈ ಗಣಿತದವರೇ ಹೀಗೆ. ಉತ್ತರವಿದೆ ಎಂದು ಸಾಧಿಸಿದರೆ ಮುಗಿಯಿತು, ಆ ಉತ್ತರ ಯಾರಿಗೋ ಬೇಕಾಗಿದೆ ಎಂಬುದೇ ಮರೆತುಹೋಗುತ್ತದೆ. ನನಗೂ ನಾಚಿಕೆಯಾಯಿತು. ಎದ್ದು ಬಾಗಿಲವರೆಗೆ ಹೋದವಳು ತಿರುಗಿ ಬಂದು, ಅರ್ಧ ತಾಸು ಕೇಳಿ ಮತ್ತೆ ಕೂತಳು.

ಈ ಸಲ ಒಂದೊಂದೇ ಬಸ್ಸನ್ನು ಹೊರಡಿಸಿ, ಊರು ಮುಟ್ಟಿಸಿ, ವಾಪಸು ತಂದಳು. ಪೆನ್ನು ಒತ್ತಿದ ಗೆರೆಗಳು ಇವತ್ತಿಗೂ ನನ್ನ ಮೈಮೇಲಿವೆ. ಪಟ್ಟಿ ಮುಗಿದರೂ ಅವಳು ಏಳಲಿಲ್ಲ, ಏಳನೇ ಬಸ್ಸಿನ ಸಾಲನ್ನೇ ನೋಡುತ್ತಿದ್ದಳು.

“ಹನ್ನೊಂದು ಸಾಕ್ರೀ ಸರ್. ಆದ್ರ ಏಳನೇ ಬಸ್ಸಿನ ಡ್ರೈವರಿಗೆ ಉಣ್ಣಾಕ ಟೈಮಿಲ್ಲ. ಹನ್ನೆರಡು ಬೇಕು.”

ಇನಾಮದಾರರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಕೆಲಸಕ್ಕೆ ಯಾವಾಗ ಬರುತ್ತೀರಿ ಎಂದು ಕೇಳಿದರು. ಸೋಮವಾರ ಎಂದಳು.

ಈಗ ನನಗೆ ವಯಸ್ಸಾಗಿದೆ. ಕ್ಲಿಪ್ಪು ಕಚ್ಚುವುದಿಲ್ಲ, ಮೂಲೆಗಳು ಕಿತ್ತುಹೋಗಿವೆ. ನೀಲಾಂಬಿಕಾ ಬಡ್ತಿ ಸಿಕ್ಕಿ ದೊಡ್ಡ ಕೋಣೆಗೆ ಹೋದಳು, ನಾನು ಡಿಪೋದ ಕಟ್ಟೆಯ ಮೇಲೆ ಉಳಿದೆ. ದಿನಾ ಮಧ್ಯಾಹ್ನ ಏಳನೇ ಬಸ್ಸಿನ ಡ್ರೈವರು ಬಂದು ನನ್ನ ಮೇಲೆ ಬುತ್ತಿ ಬಿಚ್ಚುತ್ತಾನೆ. ಮೈಯೆಲ್ಲ ಶೇಂಗಾ ಚಟ್ನಿ, ಎಣ್ಣೆ. ಅವನು ನಿಧಾನಕ್ಕೆ ಉಣ್ಣಲಿ ಬಿಡಿ, ಇನ್ನೂ ಇಪ್ಪತ್ತು ನಿಮಿಷವಿದೆ.