ಗಡಿಯ ಒಂಟೆ ಸವಾರ ಮುತ್ಲಕ್

ಮುತ್ಲಕ್‌ನ ಹೃದಯ ಸೋತಿದೆ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಕೊಟ್ಟ ಮೇಲೆ, ಮಗ ಖಾಲಿದ್ ಅವನ ಆರೈಕೆಗೆಂದು ಅಲ್ ಖೋಬರ್‌ನಲ್ಲಿ ಕೆಲಸಕ್ಕಿದ್ದ ಶಿರ್ವದ ನರ್ಸ್ ಗೆರ್ಟ್ರೂಡಳನ್ನು ಅರಬ್ ನಾಡಿನ ಗಡಿ ಊರಾದ ಹಫ್ರ್ ಅಲ್ ಬಾತಿನ್‌ನ ತನ್ನ ಮನೆಗೆ ಕರೆತಂದ. ಮೊದಲ ದಿನವೇ ಮುದುಕ ಮಂಚ ಬೇಡವೆಂದು ಹಟ ಹಿಡಿದು ನೆಲಕ್ಕಿಳಿದ. ಗೆರ್ಟ್ರೂಡ್ ಮಂಡಿಯೂರಿ ಕುಳಿತೇ ಅವನ ರಕ್ತದೊತ್ತಡ ನೋಡಬೇಕಾಯಿತು.

"ಇವರಿಗೆ ಮಂಚದ ಮೇಲೆ ಎಂತ ಅಷ್ಟು ಸಿಟ್ಟು?" ಎಂದು ಮನೆಯ ಡ್ರೈವರ್, ವಿಟ್ಲದ ಶಂಸುದ್ದೀನ್‌ನನ್ನು ಕೇಳಿದಳು.

"ಗಡಿ ಪಡೆಯಲ್ಲಿದ್ದವರು ಸಿಸ್ಟರ್. ಜೀಪು ಬರುವ ಮೊದಲು ಇರಾಕ್ ಗಡಿಯನ್ನು ಒಂಟೆ ಮೇಲೆ ಕಾಯ್ತಿದ್ದದ್ದಂತೆ. ಮರಳಲ್ಲಿ ಮಲಗಿದವರಿಗೆ ನಿಮ್ಮ ಹಾಸಿಗೆಯಲ್ಲಿ ನಿದ್ರೆ ಎಲ್ಲಿಂದ ಬರ್ಬೇಕು ಮಾರಾಯ್ರೆ?"

ಉಳಿದ ಕಥೆಯನ್ನು ಅವಳಿಗೆ ಹೇಳಿದವನು ಖಾಲಿದ್. ಅಂದು ಮಧ್ಯಾಹ್ನ ಮುದುಕನಿಗೆ ಜೊಂಪು ಹತ್ತಿತ್ತು.

ಮುತ್ಲಕ್‌ನ ಜೊತೆ ಗಸ್ತು ತಿರುಗುತ್ತಿದ್ದವನು ಝುಹೈರ್ ಎಂಬ ಸಿಪಾಯಿ. ಒಂದು ಬೇಸಿಗೆಯಲ್ಲಿ ಇಬ್ಬರೂ ಕಳ್ಳಸಾಗಣೆಯವರ ಜಾಡು ಹಿಡಿದು ಹೋಗಿ ಧೂಳಿನ ಬಿರುಗಾಳಿಗೆ ಸಿಕ್ಕಿಬಿದ್ದರು. ಮುತ್ಲಕ್‌ನ ಒಂಟೆ ಕಾಲು ಮುರಿದುಕೊಂಡಿತು. ಇದ್ದ ನೀರು ಇಬ್ಬರಿಗೆ ಸಾಲುವಂತಿರಲಿಲ್ಲ. "ನಿನ್ನ ಹೆಂಡತಿ ಈಗಷ್ಟೇ ಹೆತ್ತಿದ್ದಾಳೆ, ನೀನು ಹೋಗು" ಎಂದು ಮುತ್ಲಕ್ ಗೆಳೆಯನನ್ನು ಉಳಿದ ಒಂಟೆಯ ಮೇಲೆ ಠಾಣೆಗೆ ಅಟ್ಟಿ, ತಾನು ಕುಂಟು ಒಂಟೆಯ ಮರೆಯಲ್ಲಿ ಕುಳಿತ. ಕೊನೆಗೆ ಯಾರೋ ಕುರಿಗಾಹಿಗಳು ಅವನನ್ನು ಕಂಡು ಉಳಿಸಿದರು. ಝುಹೈರ್ ಮಾತ್ರ ಠಾಣೆ ಮುಟ್ಟಲೇ ಇಲ್ಲ.

ಸರ್ಕಾರದ ಒಂಟೆ, ಬಂದೂಕು ಎರಡನ್ನೂ ತೆಗೆದುಕೊಂಡು ಗಡಿ ದಾಟಿ ಓಡಿಹೋದ ಎಂದು ಠಾಣೆಯಲ್ಲಿ ಮಾತಾಯಿತು. ಅವನ ಹೆಂಡತಿ ಝೊಹರಾಳ ಮನೆಗೆ ನೆರೆಹೊರೆಯವರು ಕಾಲಿಡುವುದನ್ನೇ ಬಿಟ್ಟರು. "ಅವನು ಓಡುವವನಲ್ಲ" ಎಂದು ಮುತ್ಲಕ್ ಕಂಡಕಂಡವರ ಜೊತೆ ಜಗಳಕ್ಕೆ ನಿಂತ. ಕೆಲವು ವರ್ಷ ಕಾದು, ಝುಹೈರ್ ಬದುಕಿಲ್ಲವೆಂದು ಕಾಜಿ ತೀರ್ಮಾನಿಸಿದ ಮೇಲೆ, ಝೊಹರಾಳನ್ನು ತಾನೇ ಮದುವೆಯಾದ.

"ಆಗಿನ ಆ ಕೂಸು ನಾನು" ಎಂದ ಖಾಲಿದ್.

ಒಂಟೆಗಳು ಹೋಗಿ ಜೀಪುಗಳು ಬಂದವು. ಮುತ್ಲಕ್ ರಜೆ ಸಿಕ್ಕಾಗಲೆಲ್ಲ ಆ ಬಯಲಿಗೆ ಹೋಗಿ ಹುಡುಕುತ್ತಿದ್ದ. ಖಾಲಿದ್‌ಗೆ ಮೀಸೆ ಬಂದ ಮೇಲೆ ಒಂದು ವರ್ಷ ಜೋರು ಮಳೆಯಾಗಿ ಕಣಿವೆಯ ದಂಡೆ ಕುಸಿದು, ಅಡಿಯಲ್ಲಿ ಒಂಟೆಯ ಎಲುಬು, ಮನುಷ್ಯನ ಎಲುಬು, ತುಕ್ಕು ಹಿಡಿದ ಬಂದೂಕು ಕಂಡವು. ಆ ಜಾಗ ಗಡಿಯಿಂದ ಬಹಳ ಇತ್ತ, ಠಾಣೆಗೆ ಬರುವ ದಾರಿಯಲ್ಲೇ ಇತ್ತು. ಮುತ್ಲಕ್ ಬಂದೂಕನ್ನು ತಂದು ಅಧಿಕಾರಿಯ ಮೇಜಿನ ಮೇಲಿಟ್ಟು, "ಓಡಿಹೋದವನು ಬಂದಿದ್ದಾನೆ, ನೋಡಿಕೊಳ್ಳಿ" ಎಂದ.

"ನಿಮ್ಮ ತಾಯಿ ಏನೆಂದರು?" ಗೆರ್ಟ್ರೂಡ್ ಕೇಳಿದಳು.

"ಹೊಸ್ತಿಲು ತುಳಿಯದೆ ಇದ್ದವರನ್ನೆಲ್ಲ ಕರೆದು ಊಟ ಹಾಕಿದಳು."

ಝೊಹರಾ ತೀರಿಕೊಂಡು ಬಹಳ ಕಾಲವಾಗಿತ್ತು. ಗೆರ್ಟ್ರೂಡ್ ಬಂದ ವರ್ಷ, ಚಳಿಗಾಲದ ಮಳೆಯ ನಂತರ ಮುತ್ಲಕ್‌ನ ಕಾಲು ಊದಿತು. ಎರಡು ಮಾತಿಗೇ ಏದುಸಿರು. ಕಣಿವೆಯನ್ನು ಒಮ್ಮೆ ನೋಡಬೇಕು ಎಂದ. ಪ್ರಯಾಣವನ್ನು ತಡೆದುಕೊಂಡಾರೆಯೇ ಎಂದು ಖಾಲಿದ್ ಕೇಳಿದಾಗ ಗೆರ್ಟ್ರೂಡ್ ಮುಚ್ಚಿಡಲಿಲ್ಲ. "ತಡೆದುಕೊಳ್ಳಲಾರರು. ಇಲ್ಲೇ ಇದ್ದರೂ ಹೆಚ್ಚು ದಿನವಿಲ್ಲ."

"ದಾರಿಯಲ್ಲಿ ಎಂತಾದ್ರೂ ಆದ್ರೆ ನಿಮ್ಮ ತಲೆಗೆ ಬರ್ತದೆ ಸಿಸ್ಟರ್" ಎಂದು ಶಂಸುದ್ದೀನ್ ಎಚ್ಚರಿಸಿದ.

"ಬರ್ಲಿ ಭಾಯ್. ನೀವು ಆಕ್ಸಿಜನ್ ಸಿಲಿಂಡರ್ ಗಾಡಿಗೆ ಹಾಕಿ."

ಕಣಿವೆಯಲ್ಲಿ ಮೊಣಕಾಲೆತ್ತರ ಹುಲ್ಲು ಬಂದಿತ್ತು. ಕಂಬಳಿಯ ಮೇಲೆ ಒರಗಿದ ಮುತ್ಲಕ್, ಗಾಳಿ ಯಾವ ಕಡೆಯಿಂದ ಎದ್ದಿತು, ಝುಹೈರ್ ಯಾವ ದಿಕ್ಕಿಗೆ ಹೊರಟ ಎಂದು ಕೈ ಚಾಚಿ ತೋರಿಸಿದ. ಖಾಲಿದ್ ಬಗ್ಗಿಸಿಕೊಟ್ಟ ಕಾಫಿಯನ್ನು ಗುಟುಕರಿಸಿ, ಏಲಕ್ಕಿ ಕಡಿಮೆಯಾಯಿತು ಎಂದು ಗದರಿದ. ಆಮೇಲೆ ಮೂಗಿನ ಕೊಳವೆಯನ್ನು ತಾನೇ ಕಿತ್ತು ಪಕ್ಕಕ್ಕಿಟ್ಟ. ಗೆರ್ಟ್ರೂಡ್ ಮತ್ತೆ ಹಾಕಲು ಹೋದಾಗ, ಇರಲಿ ಎನ್ನುವಂತೆ ಕೈಯಾಡಿಸಿದ. ಅವಳು ಒತ್ತಾಯ ಮಾಡಲಿಲ್ಲ. ಬಿಸಿಲು ಏರುವ ಮುನ್ನ ನಾಡಿ ಹಿಡಿದಾಗ ಅದು ನಿಂತಿತ್ತು. ಖಾಲಿದ್ ತಂದೆಯ ಕಣ್ಣು ಮುಚ್ಚಿ, ಮುಖವನ್ನು ನಮಾಜಿನ ದಿಕ್ಕಾದ ಕಿಬ್ಲಾದ ಕಡೆ ತಿರುಗಿಸಿದ.

ಇಳಿಹೊತ್ತಿನ ಅಸರ್ ನಮಾಜಿನ ನಂತರ ಊರಿನ ದಫನ ಭೂಮಿಯಲ್ಲಿ ಮಣ್ಣು ಮಾಡಿದರು. ಗೆರ್ಟ್ರೂಡ್ ಮನೆಯಲ್ಲಿ ಹೆಂಗಸರ ಜೊತೆ ಉಳಿದಳು. ಮರುದಿನ ಅವಳನ್ನು ಬಸ್ ನಿಲ್ದಾಣಕ್ಕೆ ಬಿಡುವಾಗ ಶಂಸುದ್ದೀನ್ ಅಲ್ಲಿ ನಡೆದದ್ದನ್ನು ಹೇಳಿದ.

"ಗಡಿ ಪಡೆಯಿಂದ ಒಬ್ಬ ಎಳೆ ಪ್ರಾಯದ ಆಫೀಸರ್ ಬಂದಿದ್ದ ಸಿಸ್ಟರ್. ಖಾಲಿದ್‌ನ ಹೆಸರಿನ ಜೊತೆ ತಂದೆ ಹೆಸರು ಝುಹೈರ್ ಅಂತ ಉಂಟಲ್ಲ, ಅದಕ್ಕೆ ಕೇಳಿದ, ತೀರಿಕೊಂಡವರು ನಿಮಗೆ ಎಂತ ಆಗ್ಬೇಕು ಅಂತ."

"ಅವ ಎಂತ ಹೇಳಿದ?"

"ತಂದೆ ಅಂದ. ಹಾಗಾದ್ರೆ ಝುಹೈರ್ ಯಾರು ಅಂತ ಕೇಳಿದ್ದಕ್ಕೆ, ಅವರೂ ತಂದೆಯೇ ಅಂದ. ಆ ಹುಡುಗನಿಗೆ ತಲೆಬುಡ ಗೊತ್ತಾಗ್ಲಿಲ್ಲ. ಕೈ ಕುಲುಕಿ ಹೋದ."

ಗೆರ್ಟ್ರೂಡ್ ಚೀಲವನ್ನು ಹೆಗಲಿಗೇರಿಸಿಕೊಂಡು ಇಳಿದಳು. ಅಲ್ ಖೋಬರ್‌ನ ಬಸ್ಸು ಬಂದು ನಿಂತಿತ್ತು.