ಲ್ಯಾಬಿನ ಕಾವಲುಗಾರನಿಗೂ ಬೇಕು ಲಗಾಮು

ನಮ್ಮ ಬೈಲಹೊಂಗಲದಲ್ಲಿ ಯಾರ ಮನೆಯ ಗುಟ್ಟಾದರೂ ಒಬ್ಬರ ಬಾಯಿಗೆ ಬಿದ್ದರೆ ಸಾಕು, ಬಸ್ಸಿಗಿಂತ ಮೊದಲೇ ಸವದತ್ತಿ ಮುಟ್ಟಿರುತ್ತದೆ. ಅದಕ್ಕೇ ಸುಚೇತಾಳ ರಕ್ತ ತಪಾಸಣೆ ಲ್ಯಾಬಿಗೆ ಬಂದವರೆಲ್ಲ ಕೇಳುವುದು ಒಂದೇ ಮಾತು: ರಿಪೋರ್ಟು ಬೇರೆ ಯಾರೂ ನೋಡುವುದಿಲ್ಲ ತಾನೆ?

ರಿಪೋರ್ಟುಗಳೆಲ್ಲ ಕಂಪ್ಯೂಟರಿನಲ್ಲಿವೆ. ಇಂಟರ್‌ನೆಟ್ಟಿನಿಂದ ಕಳ್ಳರು ನುಗ್ಗಲು ಬಂದರೆ ಎಚ್ಚರಿಸುವ ಕಾವಲು ಪ್ರೋಗ್ರಾಮೂ ಅದರಲ್ಲೇ ಇದೆ. ಸುಚೇತಾಳ ಗೆಳತಿ, ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಅಂಬರೀನ, ಮೊನ್ನೆ ಆ ಕಾವಲು ಪ್ರೋಗ್ರಾಮಿಗೇ ಲಗಾಮು ಹಾಕಿದಳು. ಮರುದಿನ ಅದು ಮೂಕವಾಯಿತು. ದಿನಾ ಬರುತ್ತಿದ್ದ ಎಚ್ಚರಿಕೆಗಳಲ್ಲಿ ಒಂದೂ ಬರಲಿಲ್ಲ.

ಸುಚೇತಾಳ ಮಾವ ಕೃಷ್ಣಾಜಿ ಸಿಡಿಮಿಡಿಗೊಂಡರು.

"ನಾಯಿ ಸಾಕಿ ಅದರ ಬಾಯಿ ಕಟ್ಟಿದಂಗಾತು. ತಗದ ಒಗಿ ಅದನ್ನ."

ಅಂಬರೀನ ತಾಳ್ಮೆಯಿಂದ ತಿಳಿಸಿ ಹೇಳಿದಳು. ಬರುವ ಪ್ರತಿಯೊಂದನ್ನೂ, ಕಳ್ಳ ಕಳಿಸಿದ್ದನ್ನೂ ಸಹ, ಈ ಪ್ರೋಗ್ರಾಮು ಬಿಚ್ಚಿ ನೋಡಲೇಬೇಕು. ಅದರಲ್ಲೇ ಒಂದು ದೋಷವಿದ್ದರೆ ಕಳ್ಳ ಅದನ್ನೇ ವಶಮಾಡಿಕೊಳ್ಳುತ್ತಾನೆ. ಅದರ ಕೈಯಲ್ಲೋ ಇಡೀ ಕಂಪ್ಯೂಟರಿನ ಅಧಿಕಾರ! ಹಾಗಾಗಿ ಏನು ಓದಬೇಕು, ಎಲ್ಲಿ ಬರೆಯಬೇಕು ಎಂಬ ಗೆರೆಯನ್ನು ಕಂಪ್ಯೂಟರಿನ ವ್ಯವಸ್ಥೆಯೇ ಹಾಕುತ್ತದೆ. ಅದನ್ನು ಪ್ರೋಗ್ರಾಮಿಗೆ ದಾಟಲಾಗದು; ಲಗಾಮು ಅಂದರೆ ಇದೇ.

"ಬೇಲಿನ ಎದ್ದು ಹೊಲಾ ಮೇಯ್ದ್ರ ಯಾರಿಗೆ ಹೇಳೋದ್ರಿ, ಕಾಕಾ?"

ಕೃಷ್ಣಾಜಿ ಜಗ್ಗಲಿಲ್ಲ. ರಿಪೋರ್ಟಿಗೆ ಪಾಸ್‌ವರ್ಡ್ ಇದೆಯಲ್ಲ ಎಂದರು. "ಲಗಾಮು ತಗದು, ನಂದ ರಿಪೋರ್ಟ್ ತೋರಸು ನೋಡೋಣ."

ಅಂಬರೀನ ಇಂಟರ್‌ನೆಟ್ ತಂತಿ ಕಿತ್ತಿಟ್ಟು ಲಗಾಮು ತೆಗೆದಳು. ಕಳ್ಳನ ವಶವಾದ ಕಾವಲುಗಾರ ಮಾಡುವಂತೆಯೇ, ಆ ಪ್ರೋಗ್ರಾಮಿನ ಅಧಿಕಾರದಲ್ಲಿ ಫೈಲು ಕೇಳಿದಳು. ಪಾಸ್‌ವರ್ಡಿನ ಮಾತೇ ಬರಲಿಲ್ಲ. ಕೃಷ್ಣಾಜಿಯವರ ಸಕ್ಕರೆ ಕಾಯಿಲೆ ಕೆಂಪಕ್ಷರದಲ್ಲಿ ಪರದೆ ಮೇಲೆ ಹಾಜರ್! ಅದೇ ಹೊತ್ತಿಗೆ ಚಹಾ ತಂದ ಅವರ ಹೆಂಡತಿ ಶಾಂತಾಬಾಯಿ ಹಿಂದೆಯೇ ನಿಂತಿದ್ದರು. ಸೊಸೆ ಸುಚೇತಾ ಅತ್ತೆಗೂ ಬಾಯಿಬಿಡದೆ ಕಾಪಾಡಿದ್ದ ಗುಟ್ಟು ಅದು.

"ಎಲ್ಲಾ ನಾರ್ಮಲ್ ಅದ ಅಂತ ದಿನಾ ಸಿಹಿ ಕುಂದಾ ತಿಂತಿದ್ರಲ್ಲ?"

ಕೃಷ್ಣಾಜಿಯವರ ಮುಖ ನೋಡುವಂತಿತ್ತು. ಮೆಲ್ಲಗೆ ಹೇಳಿದರು. "ನಂದು ಬರೇ ಸಕ್ರಿ. ಊರ ಮಂದಿದು ಇದರಾಗ ಏನೇನದನೋ. ಮೊದಲ ಲಗಾಮು ಹಾಕವಾ."

ಈ ಸಲ ಅಂಬರೀನ, ಪ್ರೋಗ್ರಾಮು ಎಲ್ಲೆಲ್ಲಿ ಗೆರೆ ದಾಟುತ್ತದೆಂದು ಮೊದಲು ತಡೆಯದೆ ಬರೀ ಗಮನಿಸಿದಳು. ಪ್ರೋಗ್ರಾಮು ಈಚೆಗೆ ಎಚ್ಚರಿಕೆ ಬರೆದಿಡುತ್ತಿದ್ದ ಹೊಸ ಜಾಗಕ್ಕೆ ತಾನು ಅನುಮತಿ ಕೊಡುವುದನ್ನೇ ಮರೆತದ್ದು ಗೊತ್ತಾಯಿತು. ಅಷ್ಟನ್ನು ಮಾತ್ರ ಕೊಟ್ಟು ಲಗಾಮು ಬಿಗಿದಳು. ಮತ್ತೆ ಅದೇ ರಿಪೋರ್ಟು ಕೇಳಿದರೆ, ಅನುಮತಿ ಇಲ್ಲ! ತಂತಿ ಜೋಡಿಸಿ, ಪರೀಕ್ಷೆಗೆಂದು ತಾನೇ ಸುಳ್ಳು ಕಳ್ಳನೊಬ್ಬನನ್ನು ಕಳಿಸಿದ್ದೇ ತಡ, ಎಚ್ಚರಿಕೆ ಥಟ್ಟನೆ ಬಂತು. ಸುಚೇತಾ ಚಪ್ಪಾಳೆ ತಟ್ಟಿ ಗೆಳತಿಯನ್ನು ತಬ್ಬಿಕೊಂಡಳು.

ಬಂಧುಗಳೇ, ನಿಮ್ಮೂರಿನ ದವಾಖಾನೆ, ಶಾಲೆ, ಸಂಘದ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಇವತ್ತೇ ಕೇಳಿ: ಕಾವಲು ಪ್ರೋಗ್ರಾಮಿಗೆ ಲಗಾಮು ಇದೆಯೇ? ಕೆಲಸ ನಿಂತಿತೆಂದು ಲಗಾಮನ್ನೇ ಕಿತ್ತೊಗೆಯಲು ಬಿಡಬೇಡಿ. ಪ್ರೋಗ್ರಾಮಿನ ಕೆಲಸಕ್ಕೆ ಬೇಕಿರುವ ಅನುಮತಿಯನ್ನಷ್ಟೇ ಕೊಡಲು ಹೇಳಿ. ಆ ಕಂಪ್ಯೂಟರಿನೊಳಗಿರುವುದು ನಿಮ್ಮ ಮನೆಯ ಗುಟ್ಟು.